ಚಿಯಾಂಗ್ ಮಾಯ್‌ನಲ್ಲಿ ಎರಡು ತಿಂಗಳು ಇರಬೇಕೆಂದರೆ

ಉದ್ದದ ಪ್ರವಾಸಕ್ಕೆ ಹೊರಟವರಿಗೆ ಮೂರು ನಾಲ್ಕು ವಾರ ಕಳೆಯುತ್ತಿದ್ದಂತೆ ಒಂದು ಥರದ ಸುಸ್ತು ಹಿಡಿಯುತ್ತದೆ. ಎರಡು ದಿನಕ್ಕೊಂದು ಊರು, ಹೊಸ ಹಾಸಿಗೆ, ಮೂರು ಹೊತ್ತೂ ಹೋಟೆಲ್ ಊಟ. ಆಗ ಎಲ್ಲಾದರೂ ಬ್ಯಾಗು ಬಿಚ್ಚಿ, ಬಟ್ಟೆಯನ್ನೆಲ್ಲ ಬೀರುವಿಗೆ ಹಾಕಿ, ಒಂದೆರಡು ತಿಂಗಳು ಸುಮ್ನೆ ಕೂರಬೇಕು. ನಾನೂ ನನ್ನ ಹೆಂಡತಿಯೂ ಹಾಗೆ ಕೂತದ್ದು ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ. ಅಲ್ಲಿಗೆ ಹೋಗುವವರು ಮೊದಲ ವಾರ ದೇವಸ್ಥಾನ, ಬೆಟ್ಟ ಅಂತ ಓಡಾಡಬೇಡಿ. ಮನೆ, ನೀರು, ಒಲೆ, ಸಂತೆ, ಈ ನಾಲ್ಕನ್ನು ಮೊದಲು ಸರಿ ಮಾಡಿಕೊಳ್ಳಿ. ದೋಯ್ ಸುತೇಪ್ ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

ಮೊದಲು ತಿಂಗಳು ನೋಡಿಕೊಳ್ಳಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುತ್ತಮುತ್ತಲಿನ ಗದ್ದೆ, ಕಾಡಿಗೆ ಬೆಂಕಿ ಹಾಕುತ್ತಾರೆ. ಊರು ಬಟ್ಟಲಿನಂಥ ಕಣಿವೆಯಲ್ಲಿರುವುದರಿಂದ ಹೊಗೆ ಅಲ್ಲೇ ನಿಂತುಬಿಡುತ್ತದೆ, ಎದುರಿಗಿರುವ ಬೆಟ್ಟವೇ ಕಾಣದ ದಿನಗಳಿರುತ್ತವೆ. ಉಬ್ಬಸ ಇರುವವರು, ಚಿಕ್ಕ ಮಕ್ಕಳಿರುವವರು ಆಗ ದಯವಿಟ್ಟು ಹೋಗಬೇಡಿ. ನವೆಂಬರಿನಿಂದ ಜನವರಿ ತಂಪು, ಆದರೆ ಜನ ಜಾಸ್ತಿ, ಬಾಡಿಗೆಯೂ ಜಾಸ್ತಿ. ಮಳೆಗಾಲದಲ್ಲಿ ಮನೆ ಸುಲಭವಾಗಿ ಸಿಗುತ್ತದೆ. ನಮ್ಮ ಕಡೆಯ ಮಳೆ ನೋಡಿದವರಿಗೆ ಅದೇನೂ ಕಷ್ಟವಲ್ಲ.

ಕಾಗದಪತ್ರದ ವಿಷಯ. ಭಾರತೀಯರಿಗೆ ವೀಸಾ ನಿಯಮ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬದಲಾಗಿದೆ. ಹಾಗಾಗಿ ಟಿಕೆಟ್ ತೆಗೆಯುವ ದಿನ ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟನ್ನೇ ನೋಡಿ, ಗೆಳೆಯರ ಮಾತು ನಂಬಬೇಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಬಂದಿದೆ. ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಅದು ಉಚಿತ. ದುಡ್ಡು ಕೇಳುವ ಸೈಟ್ ಕಂಡರೆ ಮುಚ್ಚಿಬಿಡಿ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್ (ಥಾಯ್ಲೆಂಡಿನ ಹಣ) ದಂಡ.

ಈಗ ಮನೆ. ಊರಿಂದಲೇ ಎರಡು ತಿಂಗಳಿಗೆ ದುಡ್ಡು ಕಟ್ಟಿಬಿಡಬೇಡಿ. ಮೂರು ನಾಲ್ಕು ರಾತ್ರಿಗೆ ಮಾತ್ರ ಗೆಸ್ಟ್‌ಹೌಸ್ ಹಿಡಿದು, ಹಗಲು ನಡೆದೇ ಮನೆ ಹುಡುಕಿ. ಹಳೆಯ ಊರು ಕಂದಕದ ಒಳಗಿನ ಚೌಕ. 1296ರಲ್ಲಿ ಮಂಗ್ರಾಯ್ ರಾಜ ಕಟ್ಟಿದ ಊರು ಅದು, ಒಂದೊಂದು ಬದಿ ಸುಮಾರು ಒಂದೂವರೆ ಕಿ.ಮೀ. ನೋಡಲು ಚೆಂದ, ಆದರೆ ಪೂರ್ತಿ ಪ್ರವಾಸಿಗರದು. ನಿಮ್ಮಾನ್ ರಸ್ತೆಯ ಕಡೆ ಕೆಫೆ ಹೆಚ್ಚು, ಬೆಲೆಯೂ ಹೆಚ್ಚು. ನಾವು ಹಳೆಯ ಊರಿನ ವಾಯವ್ಯಕ್ಕಿರುವ ಸಂತಿಥಾಮ್‌ನಲ್ಲಿ ಇದ್ದೆವು. ಅಲ್ಲಿ ಊರಿನವರೇ ವಾಸ, ಥಾನಿನ್ ಮಾರ್ಕೆಟ್ಟಿಗೆ ನಡೆದೇ ಹೋಗಬಹುದು.

ರೂಮು ನೋಡುವಾಗ ಬಾಡಿಗೆಗಿಂತ ಮೊದಲು ಕರೆಂಟಿನ ಯೂನಿಟ್ ದರ ಕೇಳಿ. ಇದನ್ನು ನಾವು ಕೇಳಿರಲಿಲ್ಲ. ಮೊದಲ ತಿಂಗಳ ಬಿಲ್ಲು ಬಂದಾಗ ಹೊಟ್ಟೆ ಉರಿದು ಹೋಯಿತು. ಸರ್ಕಾರದ ದರ 4 ಬಾತ್ ಆಸುಪಾಸು ಇದ್ದರೆ ನಮ್ಮ ಕಟ್ಟಡದವರು ಯೂನಿಟ್ಟಿಗೆ 8 ಹಾಕಿದ್ದರು, ನಾವೋ ರಾತ್ರಿಯಿಡೀ ಎಸಿ ಓಡಿಸಿದ್ದೆವು. ತಿಂಗಳ ಬಾಡಿಗೆಯ ರೂಮುಗಳಲ್ಲಿ 7, 8 ಬಾತ್ ಹಾಕುವುದು ಅಲ್ಲಿ ಮಾಮೂಲು. ಮನೆಗೆ ಹೋದ ದಿನವೇ ಮೀಟರಿನ ಫೋಟೊ ತೆಗೆಯಿರಿ. ಗೋಡೆಯ ಕಲೆ, ಒಡೆದ ಟೈಲ್ಸ್, ಸೋರುವ ನಲ್ಲಿ, ಎಲ್ಲದರ ಫೋಟೊ ತೆಗೆದು ಮಾಲೀಕರಿಗೆ ಅವತ್ತೇ ಕಳಿಸಿ. ಡಿಪಾಸಿಟ್ ಒಂದು ಅಥವಾ ಎರಡು ತಿಂಗಳ ಬಾಡಿಗೆಯಷ್ಟು ಇರುತ್ತದೆ. ಇನ್ನೊಂದು ಮುಖ್ಯ ಸಂಗತಿ, ಟಿಎಂ30 ಎಂಬ ಫಾರ್ಮು. ವಿದೇಶಿಯರು ತಮ್ಮ ಮನೆಯಲ್ಲಿದ್ದಾರೆ ಅಂತ ಮಾಲೀಕರು 24 ಗಂಟೆಯೊಳಗೆ ಇಮಿಗ್ರೇಶನ್‌ಗೆ ತಿಳಿಸಬೇಕು. ಮಾಡುತ್ತೀರಾ ಅಂತ ಮೊದಲೇ ಕೇಳಿ, ರಸೀದಿಯನ್ನೂ ಇಸಿದುಕೊಳ್ಳಿ. ಮುಂದೆ ಅವಧಿ ವಿಸ್ತರಿಸಲು ಹೋದರೆ ಅದನ್ನೇ ಕೇಳುತ್ತಾರೆ.

ನಲ್ಲಿ ನೀರು ಕುಡಿಯುವ ಹಾಗಿಲ್ಲ. ಬೀದಿ ಬೀದಿಯಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಯಂತ್ರಗಳಿವೆ, ಲೀಟರಿಗೆ ಸುಮಾರು ಒಂದು ಬಾತ್. ಐದಾರು ಲೀಟರಿನ ಎರಡು ಕ್ಯಾನ್ ಇಟ್ಟುಕೊಂಡರೆ ಪ್ಲಾಸ್ಟಿಕ್ ಬಾಟಲಿ ಕೊಳ್ಳುವುದು ತಪ್ಪುತ್ತದೆ. ನಮ್ಮ ವಿದೇಶಿ ಕಾರ್ಡಿಗೆ ಎಟಿಎಂ ಪ್ರತಿ ಸಲ 200 ಬಾತ್‌ಗೂ ಹೆಚ್ಚು ಹಿಡಿದುಕೊಳ್ಳುತ್ತದೆ, ಹಾಗಾಗಿ ಚೂರುಚೂರು ತೆಗೆಯದೆ ಒಟ್ಟಿಗೇ ತೆಗೆಯಿರಿ. ನಮ್ಮ ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲಿ ಕೂರುವುದಿಲ್ಲ, ಎರಡು ಪಿನ್ನಿನದು ಕೂರುತ್ತದೆ. ಓಡಾಡಲು ಕೆಂಪು ಸೊಂಗ್‌ಥಾವ್ ಇವೆ. ಹಿಂದೆ ಎರಡು ಬೆಂಚು ಹಾಕಿದ ಪಿಕಪ್ ಗಾಡಿ, ಕೈ ಅಡ್ಡ ಹಿಡಿದು ಹೋಗುವ ಜಾಗ ಹೇಳಿ ದರ ಒಪ್ಪಿಕೊಂಡೇ ಹತ್ತಬೇಕು. ಸ್ಕೂಟರ್ ಬಾಡಿಗೆಗೆ ಬೇಕೆಂದರೆ ಊರಲ್ಲೇ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಹೋಗಿ.

ಇನ್ನು ಊಟ. ಮಾಂಸ ತಿನ್ನುವವರಿಗೆ ತೊಂದರೆಯೇ ಇಲ್ಲ. ತಿನ್ನದವರು ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ ನಮ್ಮ ಕಣ್ಣಿಗೆ 17 ಅಂತ ಕಾಣುವ ಅಕ್ಷರ ಹುಡುಕಿ. ಅದು 'ಜೇ'. ಅಲ್ಲಿ ಮಾಂಸ, ಮೀನು, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬೇರೆ ಕಡೆ ಬರೀ ತರಕಾರಿ ಎಂದರೂ ಮೀನಿನ ಸಾಸ್ ಬಿದ್ದಿರುತ್ತದೆ. 'ಮಾಯ್ ಸಾಯ್ ನಾಮ್ ಪ್ಲಾ' ಅಂದರೆ ಮೀನಿನ ಸಾಸ್ ಹಾಕಬೇಡಿ ಅಂತ. ಕೊನೆಗೆ ಗಂಡಸರು 'ಖ್ರಾಪ್', ಹೆಂಗಸರು 'ಖಾ' ಸೇರಿಸಿದರೆ ಮರ್ಯಾದೆ. ಇನ್ನೊಂದು ಮಾತು 'ಆಹಾನ್ ಮಾಂಗ್‌ಸವಿರತ್'. ಕಿವಿಗೊಟ್ಟು ಕೇಳಿ, ನಮ್ಮ ಆಹಾರವೂ ಮಾಂಸ ವಿರತಿಯೂ ಅದರೊಳಗೇ ಇವೆ ಅಲ್ವಾ! ಇಂಥ ಮಾತು ಒಂದೊಂದು ಸಿಕ್ಕಿದಾಗಲೂ ಆ ಭಾಷೆ ಸ್ವಲ್ಪ ಹತ್ತಿರ ಬಂದ ಹಾಗೆ ನನಗೆ ಅನಿಸುತ್ತಿತ್ತು.

ಆದರೆ ಮನೆಯಲ್ಲಿ ಅಡುಗೆ ಮಾಡಲೇಬೇಕು. ಎಷ್ಟೋ ರೂಮುಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ, ಬಾಲ್ಕನಿಯಲ್ಲಿ ಒಂದು ಸಿಂಕ್ ಇದ್ದರೆ ಅದೇ ದೊಡ್ಡದು. ಒಲೆ ಇಡಬಹುದಾ ಅಂತ ಕೇಳಿಕೊಂಡು ಅಲ್ಲೇ ಒಂದು ಇಂಡಕ್ಷನ್ ಒಲೆ ಕೊಳ್ಳಿ. ಊರಿಂದ ಇಂಡಕ್ಷನ್ ತಳದ ಎರಡು ಲೀಟರ್ ಕುಕ್ಕರ್, ಸಾರಿನ ಪುಡಿ, ಇಂಗು, ಸಾಸಿವೆ, ಸ್ವಲ್ಪ ತೊಗರಿಬೇಳೆ ಒಯ್ಯಿರಿ, ಅಷ್ಟು ಸಾಕು. ಹೆಸರುಬೇಳೆ, ಹುಣಸೆಹಣ್ಣು, ಕೊತ್ತಂಬರಿ, ಹಸಿಮೆಣಸು, ತೆಂಗಿನಕಾಯಿ ಎಲ್ಲ ಮಾರ್ಕೆಟ್ಟಿನಲ್ಲೇ ಇವೆ. ತೆಂಗಿನಕಾಯಿಯನ್ನಂತೂ ಯಂತ್ರಕ್ಕೆ ಹಿಡಿದು ಕಣ್ಣೆದುರಿಗೇ ತುರಿದುಕೊಡುತ್ತಾರೆ. ನಾವು ಹೋಗುತ್ತಿದ್ದ ಅಂಗಡಿಯ ಅಜ್ಜಿ ತುರಿಯನ್ನು ಹಾಲು ಹಿಂಡಲು ತಟ್ಟೆಗೆ ಹಾಕುತ್ತಿದ್ದರು. ನನ್ನ ಹೆಂಡತಿ ಬೇಡ, ಹಿಂಡಬೇಡಿ, ಹಾಗೇ ಕೊಡಿ ಅಂತ ಕೈಸನ್ನೆ ಮಾಡಬೇಕಾಗುತ್ತಿತ್ತು. ಎರಡನೇ ವಾರದ ಹೊತ್ತಿಗೆ ನಮ್ಮನ್ನು ಕಂಡ ತಕ್ಷಣ ತುರಿಯನ್ನು ನೇರ ಚೀಲಕ್ಕೆ ಹಾಕಿ, ಮೇಲೊಂದು ಹಿಡಿ ಕೊಸರು ಹಾಕಿಕೊಡಲು ಶುರು ಮಾಡಿದರು. ಆ ದಿನ ಬೀನ್ಸ್ ಪಲ್ಯಕ್ಕೆ ತೆಂಗಿನತುರಿ ಉದುರಿಸುವಾಗ ನಮಗಿಬ್ಬರಿಗೂ ಇಲ್ಲಿ ಮನೆ ಮಾಡಿದೆವು ಅನಿಸಿತು. ಅದಕ್ಕೇ ಹೇಳುತ್ತೇನೆ, ದಿನಾ ಅದೇ ಅಂಗಡಿಗೆ ಹೋಗಿ. ಎರಡು ಬಾತ್ ಕಡಿಮೆ ಸಿಗುತ್ತದೆ ಅಂತ ಬದಲಾಯಿಸಬೇಡಿ.

ನಡವಳಿಕೆಯಲ್ಲಿ ಒಂದು ಮಾತು. ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ಸಾರ್ವಜನಿಕ ಜಾಗಗಳಲ್ಲಿ ರಾಷ್ಟ್ರಗೀತೆ ಹಾಕುತ್ತಾರೆ. ಹಳೆಯ ಊರಿನ ಭಾನುವಾರದ ಸಂತೆಯಲ್ಲಿ ಸಾವಿರಾರು ಜನ ಕಿಕ್ಕಿರಿದಿದ್ದರೂ ಆ ಹೊತ್ತಿಗೆ ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ, ಬಾಣಲೆಯ ಸದ್ದು ಮಾತ್ರ ಕೇಳುತ್ತದೆ. ನೀವೂ ನಿಲ್ಲಿ.

ಮನೆಯವರ ಜೊತೆ ಮಾತಿಗೆ ಒಂದು ಹೊತ್ತು ಗೊತ್ತು ಮಾಡಿ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಅವರ ಸಂಜೆ ಕಾಫಿಯ ಹೊತ್ತಿಗೆ ನಿಮಗೆ ರಾತ್ರಿ ಊಟದ ಹೊತ್ತು. ಅಮ್ಮನಿಗೆ ಕುಕ್ಕರಿನ ಕೂಗು ಕೇಳಿಸಿದರೆ ಅರ್ಧ ಚಿಂತೆ ಅಲ್ಲೇ ಕಡಿಮೆ.

ಬಿಡುವಾಗ ಒಂದು ವಾರ ಮೊದಲೇ ಮಾಲೀಕರಿಗೆ ನೆನಪಿಸಿ. ಮೀಟರ್ ಎಣಿಕೆ ಜೊತೆಗೆ ನಿಂತು ಬರೆಸಿ, ಮೊದಲ ದಿನದ ಫೋಟೊಗಳನ್ನು ತೋರಿಸಿ, ಶುಚಿ ಮಾಡುವ ಖರ್ಚೆಂದು ಎಷ್ಟು ಹಿಡಿಯುತ್ತಾರೆ ಅಂತ ಬಾಯಿಬಿಟ್ಟು ಕೇಳಿ. ಒಲೆಯನ್ನು ಪಕ್ಕದ ರೂಮಿನವರಿಗೆ ಕೊಟ್ಟು ಬನ್ನಿ. ವಿಮಾನ ಭಾನುವಾರ ಇದ್ದರೆ ಡಿಪಾಸಿಟ್ಟಿನ ಲೆಕ್ಕ ಶುಕ್ರವಾರವೇ ಮುಗಿಸಿ, ವಾರಾಂತ್ಯದಲ್ಲಿ ಕಟ್ಟಡದ ಆಫೀಸು ಮುಚ್ಚಿರಬಹುದು.