ಕಲಾಂಚೋ ಮತ್ತೆ ಹೂ ಬಿಡಬೇಕಾದರೆ

ನರ್ಸರಿಯಿಂದ ತಂದಾಗ ಕಲಾಂಚೋ ಗಿಡದ ತುಂಬ ಹೂ. ಕೆಂಪು, ಹಳದಿ, ಕಿತ್ತಳೆ, ಗುಲಾಬಿ, ಯಾವುದೇ ಬಣ್ಣವಾದರೂ ತಿಂಗಳಿಗೂ ಮೇಲೆ ನಿಲ್ಲುತ್ತದೆ. ಆಮೇಲೆ ಬರೀ ಎಲೆ. ನಮ್ಮ ಶಿಡ್ಲಘಟ್ಟದಲ್ಲಿ ಗಿಡ ಸಾಕುವವರದ್ದೆಲ್ಲ ಇದೇ ದೂರು. ಸುಮ್ನೆ ಗೊಬ್ಬರ ಸುರಿಯುತ್ತಾರೆ. ಪಾಪ, ಆ ಗಿಡಕ್ಕೆ ಬೇಕಿರುವುದು ಕತ್ತಲು.

ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ತೋಟಗಳಲ್ಲಿ ರಾತ್ರಿ ಬಲ್ಬು ಉರಿಯುವುದನ್ನು ನೋಡಿರುತ್ತೀರಿ. ಬೆಳಕಿದ್ದರೆ ಮೊಗ್ಗು ಕಟ್ಟುವುದು ತಡವಾಗುತ್ತದೆ, ಗಿಡ ಎತ್ತರಕ್ಕೆ ಬೆಳೆಯುತ್ತದೆ. ಅದಕ್ಕೇ ಆ ಬಲ್ಬು. ಕಲಾಂಚೋ ಕೂಡ ಅದೇ ಜಾತಕದ್ದು, ರಾತ್ರಿ ಉದ್ದವಾದರೆ ಮಾತ್ರ ಮೊಗ್ಗು. ನಾವೋ, ಚೆಂದ ಕಾಣಲಿ ಅಂತ ಗೇಟಿನ ಲೈಟಿನ ಕೆಳಗೇ ಇಡುತ್ತೇವೆ! ನಮ್ಮ ಮನೆಯಲ್ಲೇ ನೋಡಿ, ಬೀದಿ ದೀಪ ಬೀಳುವ ಕಾಂಪೌಂಡಿನ ಕುಂಡದಲ್ಲಿ ಎಲೆ, ಹಿತ್ತಲಿನ ಕತ್ತಲಲ್ಲಿರುವ ಕುಂಡದಲ್ಲಿ ಹೂ.

ಹಿತ್ತಲಿಲ್ಲದವರು ದಸರಾ ಮುಗಿದ ಮೇಲೆ ಹೀಗೆ ಮಾಡಿ. ಸಂಜೆ 6ಕ್ಕೆ ರಟ್ಟಿನ ಡಬ್ಬ ಕವುಚಿ, ಬೆಳಿಗ್ಗೆ 8ಕ್ಕೆ ತೆಗೆಯಿರಿ. ಹಗಲಲ್ಲಿ ಚೆನ್ನಾಗಿ ಬೆಳಕು ಬೀಳಲಿ. 6 ವಾರ ಬಿಡದೆ ಮಾಡಬೇಕು. ಮೊಗ್ಗು ಕಂಡ ಮೇಲೆ ಡಬ್ಬದ ಕೆಲಸ ಮುಗಿಯಿತು. ಸಂಕ್ರಾಂತಿಯ ಆಸುಪಾಸಿಗೆ ಹೂ ನೋಡಬಹುದು.

ಉಳಿದ ಆರೈಕೆ ಹಗುರ. ಕೆಮ್ಮಣ್ಣಿಗೆ ಅಷ್ಟೇ ದಪ್ಪ ಮರಳು, ಒಂದೆರಡು ಹಿಡಿ ಚೆನ್ನಾಗಿ ಕಳಿತ ಗೊಬ್ಬರ. ರೇಷ್ಮೆ ಹುಳುವಿನ ಹಿಕ್ಕೆ ಕೊಳೆಸಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಮಣ್ಣಿನ ಕುಂಡವೇ ಇರಲಿ. ಮಡಗಾಸ್ಕರ್ ಮೂಲದ ಈ ಗಿಡ ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಎರಡು ಇಂಚು ಆಳದವರೆಗೆ ಮಣ್ಣು ಒಣಗಿದ ಮೇಲೆ ನೀರು ಹಾಕಿ, ಬುಡಕ್ಕೆ ಮಾತ್ರ. ನಮ್ಮ ಬೋರ್‌ವೆಲ್ ನೀರು ಎಲೆ ಮೇಲೆ ಬಿದ್ದರೆ ಬಿಳಿ ಕಲೆ ಕೂರುತ್ತದೆ. ಬೇಸಿಗೆಯಲ್ಲಿ ಬೆಳಗಿನ ಬಿಸಿಲು ಸಾಕು. ಮಳೆಗಾಲದಲ್ಲಿ ಸೂರಿನ ಕೆಳಗಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ.

ಎಲೆಯ ಸಂದಿಯಲ್ಲಿ ಹತ್ತಿಯಂತೆ ಬಿಳಿ ಕಂಡರೆ ಅದು ಹಿಟ್ಟು ತಿಗಣೆ. ಔಷಧಿ ಸ್ಪ್ರೇ ನಮ್ಮೂರಲ್ಲಿ ಬೇಡವೇ ಬೇಡ. ಪಕ್ಕದಲ್ಲೇ ಯಾರದ್ದೋ ಹಿಪ್ಪುನೇರಳೆ ತೋಟ ಇರುತ್ತದೆ, ಔಷಧಿ ತಗುಲಿದ ಸೊಪ್ಪು ತಿಂದರೆ ರೇಷ್ಮೆ ಹುಳು ಉಳಿಯುವುದಿಲ್ಲ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ. ತಾಳ್ಮೆ ಬೇಕು ಅಷ್ಟೇ.

ಹೂ ಒಣಗಿದ ಮೇಲೆ ದಂಟು ಕತ್ತರಿಸಿ. ಹೂವಿಲ್ಲದ ಚಿಗುರನ್ನು ಮೂರು ಇಂಚಿಗೆ ಕತ್ತರಿಸಿ, ಎರಡು ದಿನ ನೆರಳಲ್ಲಿ ಗಾಯ ಒಣಗಿಸಿ, ಮರಳಿಗೆ ನೆಟ್ಟರೆ ಎರಡು-ಮೂರು ವಾರದಲ್ಲಿ ಬೇರು ಬರುತ್ತದೆ. ಮಿಕ್ಕಿದ್ದನ್ನು ಬೀದಿಗೆ ಎಸೆಯಬೇಡಿ. ಹೃದಯಕ್ಕೆ ತೊಂದರೆ ಕೊಡುವ ವಿಷ ಇದರಲ್ಲಿದೆ. ಹಸು, ಮೇಕೆ, ನಾಯಿಗೆ ಸಿಗದ ಹಾಗೆ ಮಣ್ಣಲ್ಲಿ ಹೂತುಬಿಡಿ.