ಹಳೇ ಟೀ ಶರ್ಟ್‌ಗೆ ಕತ್ತರಿ ಹಾಕುವ ಮುಂಚೆ

ಹಳೇ ಟೀ ಶರ್ಟ್‌ನಿಂದ ಏನಾದರೂ ಉಡುಗೊರೆ ಮಾಡೋಣ ಅಂದಕೂಡಲೇ ಕೈ ಕತ್ತರಿಯ ಕಡೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ಅದು ಯಾರ ಟೀ ಶರ್ಟ್, ಯಾರಿಗೆ ಕೊಡುತ್ತೀರಿ ಎನ್ನುವುದು ಮೊದಲು ತೀರ್ಮಾನ ಆಗಲಿ. ಕಾಲೇಜು ಫೆಸ್ಟ್‌ನ ಟೀ ಶರ್ಟ್, ಆ ಫೆಸ್ಟ್‌ನಲ್ಲಿ ಜೊತೆಗೆ ಓಡಾಡಿದ ಗೆಳತಿಗೆ ದಿಂಬಿನ ಕವರ್ ಆಗಿ ಹೋದರೆ ಅವಳು ಅದನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾಳೆ. ಅದನ್ನೇ ಆಫೀಸಿನ ಪರಿಚಯದವರಿಗೆ ಕೊಟ್ಟರೆ ಅವರ ಪಾಲಿಗೆ ಅದು ಯಾರದೋ ಹಳೇ ಬಟ್ಟೆ.

ಹಾಗಾಗಿ ನನ್ನ ಲೆಕ್ಕ ಇಷ್ಟು. ಪಡೆಯುವವರಿಗೆ ಆ ಟೀ ಶರ್ಟ್ ಜೊತೆ ನಂಟು ಇದ್ದರೆ ಅದರ ಚಿತ್ರ, ಅಕ್ಷರ ಎದ್ದು ಕಾಣಬೇಕು. ನಂಟು ಇಲ್ಲದಿದ್ದರೆ ಅದು ಟೀ ಶರ್ಟ್ ಆಗಿತ್ತು ಎಂಬ ಗುರುತೇ ಸಿಗಬಾರದು.

ಬಟ್ಟೆಯ ಸ್ವಭಾವ ತಿಳಿಯಿರಿ

ಪ್ಯಾಂಟು, ಬೆಡ್‌ಶೀಟುಗಳ ಬಟ್ಟೆ ನೇಯ್ದದ್ದು. ಟೀ ಶರ್ಟಿನ ಬಟ್ಟೆ ಹೆಣೆದದ್ದು. ಸ್ವೆಟರ್‌ನಲ್ಲಿ ಕಣ್ಣಿಗೆ ಕಾಣುವ ಕುಣಿಕೆಗಳು ಇಲ್ಲೂ ಇವೆ, ತುಂಬಾ ಸಣ್ಣವು ಅಷ್ಟೇ. ಈ ಬಟ್ಟೆಗೆ ಜರ್ಸಿ ಎನ್ನುತ್ತಾರೆ. ತಮಿಳುನಾಡಿನ ತಿರುಪ್ಪೂರಿನಂಥ ಊರುಗಳಲ್ಲಿ ದುಂಡನೆಯ ಮಷೀನ್‌ಗಳು ಇದನ್ನು ಕೊಳವೆಯ ಆಕಾರದಲ್ಲೇ ಹೆಣೆದು ಕೊಡುತ್ತವೆ. ಕೆಲವು ಟೀ ಶರ್ಟ್‌ಗಳ ಪಕ್ಕದಲ್ಲಿ ಹೊಲಿಗೆಯೇ ಇರುವುದಿಲ್ಲ, ಗಮನಿಸಿದ್ದೀರಾ? ಕೊಳವೆಯನ್ನು ಹಾಗೇ ಬಳಸಿರುತ್ತಾರೆ. ಅಂಥದ್ದು ಸಿಕ್ಕರೆ ಎತ್ತಿಡಿ, ಮುಂದೆ ದಾರ ಮಾಡಲು ಅದೇ ಒಳ್ಳೆಯದು.

ಹೆಣೆದ ಬಟ್ಟೆ ಆದ್ದರಿಂದ ಮೂರು ಗುಣ ಬರುತ್ತವೆ. ಕತ್ತರಿಸಿದ ಅಂಚಿನಲ್ಲಿ ನೂಲು ಬಿಚ್ಚಿಕೊಳ್ಳುವುದಿಲ್ಲ, ಹಾಗಾಗಿ ಅಂಚು ಮಡಿಸಿ ಹೊಲಿಯಲೇಬೇಕು ಅಂತಿಲ್ಲ. ಉದ್ದಕ್ಕಿಂತ ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತದೆ. ಅಡ್ಡ ಕತ್ತರಿಸಿದ ಪಟ್ಟಿಯನ್ನು ಎಳೆದರೆ ಅಂಚುಗಳು ಒಳಕ್ಕೆ ಸುರುಳಿ ಸುತ್ತಿಕೊಳ್ಳುತ್ತವೆ. ಟೀ ಶರ್ಟ್ ಕೆಲಸ ಚೆನ್ನಾಗಿ ಬರುವುದು, ಕೆಡುವುದು ಎರಡೂ ಈ ಗುಣಗಳಿಂದಲೇ.

ಹತ್ತಿಯೋ ಪಾಲಿಯೆಸ್ಟರೋ ಅಂತಲೂ ನೋಡಬೇಕು. ಲೇಬಲ್ ಹರಿದುಹೋಗಿದ್ದರೆ ಒಳಗಿನ ಹೊಲಿಗೆಯ ಹತ್ತಿರದಿಂದ ಚೂರು ಬಟ್ಟೆ ಕತ್ತರಿಸಿ. ಇಕ್ಕಳದಲ್ಲಿ ಹಿಡಿದು, ಸಿಂಕ್ ಮೇಲೆ ಬೆಂಕಿ ತಾಗಿಸಿ. ಹತ್ತಿ ಕಾಗದದ ವಾಸನೆ ಬೀರುತ್ತಾ ಉರಿದು ಮೆತ್ತಗಿನ ಬೂದಿ ಆಗುತ್ತದೆ. ಪಾಲಿಯೆಸ್ಟರ್ ಮುದುಡಿ, ಕರಗಿ ಗಟ್ಟಿ ಮಣಿ ಆಗುತ್ತದೆ. ಆರ್‌ಸಿಬಿ ಜೆರ್ಸಿಯಂಥ ಆಟದ ಬಟ್ಟೆಗಳು ಸಾಮಾನ್ಯವಾಗಿ ಪಾಲಿಯೆಸ್ಟರ್. ಅವು ಬ್ಯಾಗ್‌ಗೆ, ದಿಂಬಿನ ಕವರ್‌ಗೆ ಸರಿ. ಬಿಸಿ ಪಾತ್ರೆ ಇಡುವ ಮ್ಯಾಟ್‌ಗೆ ಬೇಡವೇ ಬೇಡ.

ಕತ್ತರಿ ಹರಿತವಾಗಿರಬೇಕು. ಮೊಂಡು ಕತ್ತರಿ ಈ ಬಟ್ಟೆಯನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ಮಷೀನ್‌ನಲ್ಲಿ ಹೊಲಿಯುವವರು ಬಾಲ್‌ಪಾಯಿಂಟ್ ಸೂಜಿ ಕೇಳಿ ತನ್ನಿ, 11 ಅಥವಾ 14ನೇ ನಂಬರ್. ಅದರ ತುದಿ ದುಂಡಗಿರುತ್ತದೆ, ಕುಣಿಕೆಗಳ ನಡುವೆ ಜಾರಿಕೊಂಡು ಹೋಗುತ್ತದೆ. ಮಾಮೂಲಿ ಚೂಪು ಸೂಜಿ ಕುಣಿಕೆಯನ್ನೇ ಕತ್ತರಿಸಿಬಿಡಬಹುದು. ಒಗೆದ ಮೇಲೆ ಅಲ್ಲಿ ತೂತು ಕಾಣುತ್ತದೆ.

ಒಂದು ಟೀ ಶರ್ಟ್, ಒಂದೇ ಉದ್ದದ ದಾರ

ನನಗೆ ತುಂಬಾ ಇಷ್ಟವಾದ ಕೆಲಸ ಇದು. ಒಂದು ಟೀ ಶರ್ಟ್‌ನಿಂದ ಎಲ್ಲೂ ಗಂಟಿಲ್ಲದ ಒಂದೇ ಎಳೆ ತೆಗೆಯಬಹುದು. ಸುತ್ತಳತೆ ಒಂದು ಮೀಟರ್ ಇರುವ ಟೀ ಶರ್ಟ್‌ನಲ್ಲಿ ಕಂಕುಳಿನಿಂದ ಕೆಳಗೆ ಸುಮಾರು 40 ಸೆಂ.ಮೀ. ಬಟ್ಟೆ ಸಿಗುತ್ತದೆ. 2.5 ಸೆಂ.ಮೀ. ಅಗಲದ ಪಟ್ಟಿ ಅಂದರೆ 16 ಸುತ್ತು, ಅಂದರೆ 16 ಮೀಟರ್. ಎಳೆದಾಗ ಇನ್ನೂ ಉದ್ದವಾಗುತ್ತದೆ. ಪ್ರಿಂಟ್ ಇಲ್ಲದ ಹತ್ತಿ ಟೀ ಶರ್ಟ್ ಆರಿಸಿ. ಪ್ರಿಂಟ್ ಇರುವ ಕಡೆ ಬಟ್ಟೆ ಬಿರುಸು, ಸುರುಳಿ ಸುತ್ತುವುದಿಲ್ಲ.

1. ಟೀ ಶರ್ಟನ್ನು ಸುಕ್ಕಿಲ್ಲದೆ ಹರಡಿ. ಕೆಳಗಿನ ಮಡಿಕೆ ಹೊಲಿಗೆ ಕತ್ತರಿಸಿ ತೆಗೆಯಿರಿ. ಕಂಕುಳಿನ ಕೆಳಗೆ ಅಡ್ಡ ಗೆರೆ ಎಳೆದು ಮೇಲಿನ ಭಾಗವನ್ನೂ ಬೇರೆ ಮಾಡಿ. ಎರಡೂ ಕಡೆ ಬಾಯಿ ತೆರೆದ ಕೊಳವೆ ಉಳಿಯುತ್ತದೆ.

2. ಎಡಬದಿಯನ್ನು ಎತ್ತಿ ಬಲಕ್ಕೆ ಮಡಿಸಿ. ಪೂರ್ತಿ ಸಮ ಮಾಡಬೇಡಿ. ಬಲಗಡೆಯ ಅಂಚು 3 ಸೆಂ.ಮೀ.ಯಷ್ಟು ಹೊರಗೆ ಕಾಣುತ್ತಿರಲಿ.

3. ಎಡಗಡೆಯ ಮಡಿಕೆಯಿಂದ ಶುರುಮಾಡಿ, 2.5 ಸೆಂ.ಮೀ. ಅಂತರದಲ್ಲಿ ಬಲಕ್ಕೆ ಕತ್ತರಿಸಿ. ಮಡಿಸಿದ ಮೇಲಿನ ಪದರವನ್ನು ಕತ್ತರಿ ಪೂರ್ತಿ ದಾಟಬೇಕು. ಹೊರಗೆ ಕಾಣುವ ಪಟ್ಟಿಯಲ್ಲಿ ಮಾತ್ರ ಕೊನೆಯ 2 ಸೆಂ.ಮೀ. ಕತ್ತರಿಸದೆ ಬಿಡಿ.

4. ಮಡಿಕೆ ಬಿಡಿಸಿ, ಕತ್ತರಿಸದೆ ಬಿಟ್ಟ ಭಾಗವನ್ನು ಕೈಮೇಲೆ ಹರಡಿಕೊಳ್ಳಿ. ಅದರ ಎಡಕ್ಕೂ ಬಲಕ್ಕೂ ಸೀಳುಗಳು ಕಾಣುತ್ತವೆ. ಎದುರು ಬದುರು ಇರುವ ಸೀಳುಗಳನ್ನು ಸೇರಿಸಬಾರದು. ಹಾಗೆ ಮಾಡಿದರೆ ಬರೀ ಉಂಗುರಗಳು ಸಿಗುತ್ತವೆ. ಓರೆಯಾಗಿ ಹೋಗಬೇಕು. ಮೊದಲ ಸಲ ಎಡಗಡೆ ಬಟ್ಟೆಯ ಹೊರ ಅಂಚಿನಿಂದ ಬಲಗಡೆಯ ಮೊದಲ ಸೀಳಿಗೆ. ಆಮೇಲೆ ಎಡದ ಮೊದಲ ಸೀಳಿನಿಂದ ಬಲದ ಎರಡನೆಯದಕ್ಕೆ, ಎಡದ ಎರಡನೆಯದರಿಂದ ಬಲದ ಮೂರನೆಯದಕ್ಕೆ.

5. ಕೊನೆಗೆ ಒಂದೊಂದು ಗೇಣಿನಷ್ಟು ಹಿಡಿದು ಮೆಲ್ಲಗೆ ಎಳೆಯುತ್ತಾ ಬನ್ನಿ. ಪಟ್ಟಿ ನಿಮ್ಮ ಕಣ್ಣೆದುರೇ ದುಂಡಗಿನ ದಾರ ಆಗುತ್ತದೆ. ಉಂಡೆ ಸುತ್ತಿಡಿ.

ಕ್ರೋಶ ಬಲ್ಲವರು 8ರಿಂದ 10 ಮಿ.ಮೀ. ಕಡ್ಡಿ ಹಿಡಿದು ಇದರಲ್ಲಿ ಬುಟ್ಟಿ, ಮ್ಯಾಟ್, ಕೈಚೀಲ ಎಲ್ಲ ಹಾಕಬಹುದು. ಕ್ರೋಶ ಬಾರದಿದ್ದರೂ ಚಿಂತೆ ಇಲ್ಲ, ಜಡೆ ಹೆಣೆಯಲು ಬಂದರೆ ಸಾಕು.

ಬಿಸಿ ಪಾತ್ರೆ ಇಡುವ ಮ್ಯಾಟ್ ಹೀಗೆ: ದಾರದಿಂದ ಮೂರೂವರೆ ಮೀಟರ್ ಉದ್ದದ ಮೂರು ಎಳೆ ತೆಗೆದುಕೊಳ್ಳಿ. ತುದಿ ಗಂಟು ಹಾಕಿ ಕಿಟಕಿ ಸರಳಿಗೆ ಕಟ್ಟಿ, ಜಡೆ ಹೆಣೆಯಿರಿ. ಬಿಗಿ ಎಲ್ಲ ಕಡೆ ಒಂದೇ ಸಮ ಇರಲಿ. ಆಮೇಲೆ ಜಡೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಸುತ್ತುತ್ತಾ, ಪಕ್ಕಪಕ್ಕದ ಸುತ್ತುಗಳನ್ನು ಗಟ್ಟಿ ಹತ್ತಿ ದಾರದಿಂದ ಸೇರಿಸಿ ಹೊಲಿಯಿರಿ. ಜಡೆ ದಪ್ಪ ಇದ್ದಷ್ಟೂ ಮ್ಯಾಟ್ ದೊಡ್ಡದು. ಸುಮಾರು 20 ಸೆಂ.ಮೀ. ಅಗಲದ್ದು ಸಿಗುತ್ತದೆ. ಸುತ್ತುವಾಗ ಜಡೆಯನ್ನು ಎಳೆಯಬೇಡಿ. ಎಳೆದರೆ ಮ್ಯಾಟ್ ಬಟ್ಟಲಾಕಾರಕ್ಕೆ ಎದ್ದು ನಿಲ್ಲುತ್ತದೆ. ರಾಜ್ಯೋತ್ಸವಕ್ಕೆ ಕೊಂಡ ಹಳದಿ, ಕೆಂಪು ಟೀ ಶರ್ಟ್‌ಗಳು ಮನೆಯಲ್ಲಿ ಮೂಲೆ ಸೇರಿರುತ್ತವೆ ಅಲ್ವಾ? ಅವು ಹತ್ತಿಯದಾಗಿದ್ದರೆ ಎರಡೂ ಬಣ್ಣ ಸೇರಿಸಿ ಹೆಣೆಯಿರಿ. ಹೊಸ ಮನೆ ಮಾಡಿದವರಿಗೆ ಇದೊಂದು ಅಂದದ ಉಡುಗೊರೆ. ಯಾರ ಟೀ ಶರ್ಟ್ ಎಂಬ ಪ್ರಶ್ನೆಯೇ ಬರುವುದಿಲ್ಲ.

ಹೊಲಿಗೆ ಇಲ್ಲದ ಚೀಲ

ಇದು ಸುಲಭ, ಮಕ್ಕಳೂ ಮಾಡಬಹುದು. ತೋಳುಗಳನ್ನು ಹೊಲಿಗೆಯ ಒಳಗಿನಿಂದ ಕತ್ತರಿಸಿ. ಕುತ್ತಿಗೆಯನ್ನು ಅಗಲ ಮಾಡಿ. ಹಿಡಿಕೆಗಳು 7 ಸೆಂ.ಮೀ.ಗಿಂತ ಕಿರಿದಾಗದಿರಲಿ. ಕೆಳಗಡೆ ಮುಂದಿನ, ಹಿಂದಿನ ಪದರ ಎರಡನ್ನೂ ಸೇರಿಸಿ 8 ಸೆಂ.ಮೀ. ಉದ್ದ, 2.5 ಸೆಂ.ಮೀ. ಅಗಲದ ಜೂಲು ಕತ್ತರಿಸಿ. ಮುಂದಿನ ಜೂಲನ್ನು ಹಿಂದಿನದಕ್ಕೆ ಎರಡು ಗಂಟು ಹಾಕಿ ಕಟ್ಟಿ. ಗಂಟುಗಳ ನಡುವೆ ಸಂದು ಉಳಿಯುತ್ತದೆ, ಅಕ್ಕಪಕ್ಕದ ಗಂಟಿನ ತುದಿಗಳನ್ನೂ ಪರಸ್ಪರ ಕಟ್ಟಿದರೆ ಅದು ಮುಚ್ಚುತ್ತದೆ. ಸೊಪ್ಪು, ಬ್ರೆಡ್ಡು, ಪುಸ್ತಕಕ್ಕೆ ಸಾಕು. ಈರುಳ್ಳಿ ತುಂಬಿದರೆ ಮೊಣಕಾಲವರೆಗೆ ಹಿಗ್ಗುತ್ತದೆ.

ನೆನಪಿನ ದಿಂಬು

ಓದಲು ಅಥವಾ ಕೆಲಸಕ್ಕೆ ಹೊರದೇಶಕ್ಕೆ ಹೊರಟವರಿಗೆ ಕೊಡಲು ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಬರೀ ಕವರ್ ಕೊಟ್ಟರಾಯಿತು. ಸೂಟ್‌ಕೇಸ್‌ನಲ್ಲಿ ಜಾಗವೂ ಬೇಡ, ತೂಕವೂ ಇಲ್ಲ. ಒಳಗಿನ ದಿಂಬು ಅಲ್ಲೇ ಸಿಗುತ್ತದೆ.

40 ಸೆಂ.ಮೀ. ಚೌಕದ ದಿಂಬಿಗೆ ಮುಂಭಾಗ 42 ಸೆಂ.ಮೀ. ಚೌಕ ಬೇಕು. ಚಿತ್ರ ಸರಿಯಾಗಿ ನಡುವೆ ಬರುವಂತೆ ಗುರುತು ಮಾಡಿ. ಕತ್ತರಿಸುವ ಮುಂಚೆ ಬಟ್ಟೆಯ ಹಿಂದೆ, ಇಸ್ತ್ರಿ ಹಾಕಿದರೆ ಅಂಟಿಕೊಳ್ಳುವ ತೆಳು ಕ್ಯಾನ್ವಾಸ್ ಅಂಟಿಸಿ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಇದನ್ನು ಹಾಕದಿದ್ದರೆ ದಿಂಬು ತುಂಬಿದಾಗ ಮುಂಭಾಗ ಹಿಗ್ಗಿ ಅಕ್ಷರ ಸೊಟ್ಟ ಕಾಣುತ್ತವೆ. ಇಸ್ತ್ರಿ ಪೆಟ್ಟಿಗೆ ಪ್ರಿಂಟಿಗೆ ನೇರ ತಾಗಕೂಡದು, ಬಣ್ಣ ಕರಗಿ ಅಂಟುತ್ತದೆ.

ಹಿಂಭಾಗಕ್ಕೆ ಹಿಗ್ಗದ ಬಟ್ಟೆ ಇರಲಿ. 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲದ ಎರಡು ತುಂಡು. ಒಂದೊಂದರ ಒಂದು ಉದ್ದ ಅಂಚನ್ನು 2 ಸೆಂ.ಮೀ. ಮಡಿಸಿ ಹೊಲಿಯಿರಿ. ಮಡಿಸಿದ ಅಂಚುಗಳು ನಡುವೆ 10 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಮುಂಭಾಗದ ಮೇಲೆ ಇಡಿ. ಒಳ್ಳೆಯ ಮೈಗಳು ಎದುರು ಬದುರಾಗಿರಲಿ. ನಾಲ್ಕೂ ಬದಿ ಹೊಲಿದು ತಿರುಗಿಸಿದರೆ ಕವರ್ ರೆಡಿ. ಜಿಪ್ ಬೇಡ, ಗುಂಡಿ ಬೇಡ.

ಇನ್ನೊಂದು ದಾರಿ ಇನ್ನೂ ಚೆನ್ನ. ಅಪ್ಪನ ಹಳೇ ಹತ್ತಿ ಶರ್ಟಿನ ಗುಂಡಿ ಇರುವ ಮುಂಭಾಗವನ್ನು, ಗುಂಡಿ ಹಾಕಿದ ಹಾಗೇ 42 ಸೆಂ.ಮೀ. ಚೌಕವಾಗಿ ಕತ್ತರಿಸಿ ಹಿಂದಕ್ಕೆ ಬಳಸಿ. ಮುಂದೆ ಮಗಳ ಶಾಲೆಯ ಟೀ ಶರ್ಟ್, ಹಿಂದೆ ಅಪ್ಪನ ಶರ್ಟ್. ಗುಂಡಿ ಬಿಚ್ಚಿದರೆ ದಿಂಬು ಹೊರಬರುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ತೀರಿಕೊಂಡವರ ಟೀ ಶರ್ಟ್‌ನಿಂದ ಏನಾದರೂ ಮಾಡಿಕೊಡಬೇಕು ಎಂದಿದ್ದರೆ ಮನೆಯವರನ್ನು ಕೇಳದೆ ಕತ್ತರಿ ಹಾಕಬೇಡಿ. ಅಚ್ಚರಿ ಪಡಿಸುವ ಉಡುಗೊರೆ ಇದಲ್ಲ. ಕೆಲವರಿಗೆ ಆ ಬಟ್ಟೆ ಮಡಿಸಿಟ್ಟ ಹಾಗೇ ಇರಬೇಕು. ಕೆಲವರಿಗೆ ಮನೆಯಲ್ಲಿ ಇರುವುದೇ ಬೇಡ.

ಕೌದಿ

ಒಂದೇ ಮನುಷ್ಯನ ಹತ್ತಾರು ಟೀ ಶರ್ಟ್ ಇದ್ದರೆ ಕೌದಿ ಹೊಲಿಯಿರಿ. ಮಗು ಬೆಳೆದ ವರ್ಷಗಳ ಟೀ ಶರ್ಟ್, ಓಟಗಾರ ಗೆಳೆಯ ವರ್ಷ ವರ್ಷ ಗಳಿಸಿದ ಮ್ಯಾರಥಾನ್ ಟೀ ಶರ್ಟ್ ಇದಕ್ಕೆ ತಕ್ಕವು. ಬೇರೆ ದೇಶಗಳಲ್ಲಿ ಇದನ್ನು ಕ್ಯಾನ್ವಾಸ್ ಅಂಟಿಸಿ, ಮಷೀನ್‌ನಲ್ಲಿ ಜೋಡಿಸಿ ಮಾಡುತ್ತಾರೆ. ನಮ್ಮ ಕೌದಿ ದಾರಿ ಇದಕ್ಕೆ ಇನ್ನೂ ಚೆನ್ನಾಗಿ ಒಗ್ಗುತ್ತದೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಿಗ್ಗುವ ಬಟ್ಟೆಯನ್ನು ಹಿಗ್ಗದ ಹಳೇ ಸೀರೆಯ ಮೇಲೆ ಹತ್ತಿರ ಹತ್ತಿರದ ಕೈಹೊಲಿಗೆ ಹಿಡಿದು ನಿಲ್ಲಿಸುತ್ತದೆ. ಕ್ಯಾನ್ವಾಸ್ ಬೇಕಾಗುವುದಿಲ್ಲ, ಕೌದಿ ಮೆತ್ತಗೇ ಉಳಿಯುತ್ತದೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಎಂಬ ಕೌದಿಯನ್ನು ನೋಡಿ. ಹಳೇ ಸೀರೆಯ ಮೇಲೆ ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ಸುತ್ತು ಬರುತ್ತಾರೆ. ತುಂಡು ಬಟ್ಟೆ ಇಡುತ್ತಾ, ಹೊಲಿಯುತ್ತಾ ಕೊನೆಗೆ ನಡುವಿಗೆ ತಲುಪುತ್ತಾರೆ. ಮೂಲೆಗಳಿಗೆ ಮಡಿಸಿದ ಸಣ್ಣ ಬಟ್ಟೆಯ ಫುಲ ಇಡುತ್ತಾರೆ. ಹೊರಗಿನಿಂದ ಒಳಕ್ಕೆ ಬರುವ ಈ ಕ್ರಮವನ್ನು ಕಲಿಯಿರಿ. ಅಂಚು ಮೊದಲೇ ಭದ್ರವಾಗುತ್ತದೆ.

ಹತ್ತಿ ಸೀರೆಯಿಂದ 95 ಸೆಂ.ಮೀ. ಉದ್ದದ ಮೂರು ತುಂಡು ತೆಗೆದು ಒಂದರ ಮೇಲೊಂದು ಹರಡಿ. ಸೀರೆಯ ಅಗಲ ಸುಮಾರು 115 ಸೆಂ.ಮೀ. ಇರುತ್ತದೆ. ಟೀ ಶರ್ಟ್‌ಗಳಿಂದ 30 ಸೆಂ.ಮೀ. ಚೌಕದ 12 ತುಂಡು ಕತ್ತರಿಸಿ. ಮೂರರಂತೆ ನಾಲ್ಕು ಸಾಲು ಇಟ್ಟು ನೋಡಿ, ಬಣ್ಣ ಅದಲು ಬದಲು ಮಾಡಿ. ಇದಕ್ಕೆ ಸಮಯ ಕೊಡಿ, ಒಂದು ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ಮತ್ತೆ ನೋಡಿ. ಒಂದರ ಅಂಚು ಇನ್ನೊಂದರ ಮೇಲೆ ಒಂದೂವರೆ ಸೆಂ.ಮೀ. ಬರಲಿ. ಎಳೆಯದೆ ಪಿನ್ ಹಾಕಿ. ಸೀರೆಯ ಎರಡು ಬದಿ ಅಂಚು ಮೊದಲೇ ಗಟ್ಟಿ. ಉಳಿದ ಎರಡು ಬದಿಯಲ್ಲಿ ಹೊರಗುಳಿದ ಸೀರೆಯನ್ನು ಮೇಲಕ್ಕೆ ಮಡಿಸಿ ಹೊಲಿಯಿರಿ.

ಇನ್ನು ಉದ್ದ ಟಾಕು ಹಾಕುತ್ತಾ ಸುತ್ತು ಬನ್ನಿ. ಸಾಲಿನಿಂದ ಸಾಲಿಗೆ 2 ಸೆಂ.ಮೀ. ಅಂತರ ಸಾಕು. ದಪ್ಪ ಪ್ರಿಂಟಿನ ಮೂಲಕ ಸೂಜಿ ಚುಚ್ಚಬೇಡಿ, ತೂತು ಹಾಗೇ ಉಳಿಯುತ್ತದೆ. ಪ್ರಿಂಟಿನ ಸುತ್ತ ಎರಡು ಸಾಲು ಹಾಕಿ ಮುಂದೆ ಹೋಗಿ. ಬೇಗ ಮುಗಿಯುವ ಕೆಲಸ ಅಲ್ಲ. ಸಂಜೆ ಸಂಜೆ ಸ್ವಲ್ಪ ಸ್ವಲ್ಪ ಹೊಲಿದರೆ ಒಂದೆರಡು ತಿಂಗಳು ಬೇಕು. ಹುಟ್ಟುಹಬ್ಬದ ದಿನ ನೋಡಿಕೊಂಡು ಶುರುಮಾಡಿ.

ಎಳೆ ಮಗುವಿಗೆ

ಹುಟ್ಟಿದ ಮಗುವಿಗೆ ಹಳೇ ಮೆತ್ತನೆ ಬಟ್ಟೆ ಹೊದಿಸುವುದು ನಮ್ಮ ಮನೆಗಳ ರೂಢಿ. ಹಾಗಾಗಿ ಬಾಣಂತಿ ಮನೆಗೆ ಹೋಗುವಾಗ ಹೆಗಲಬಟ್ಟೆ ಒಯ್ದರೆ ಯಾರೂ ಹಳೇದು ಅಂದುಕೊಳ್ಳುವುದಿಲ್ಲ. ಹಾಲು ಕುಡಿಸಿದ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಳ್ಳುವಾಗ ಇದು ಬೇಕು. ಪ್ರಿಂಟ್ ಇಲ್ಲದ ಹತ್ತಿ ಟೀ ಶರ್ಟ್‌ನಿಂದ 25×50 ಸೆಂ.ಮೀ. ಎರಡು ತುಂಡು, ಹಳೇ ಟವೆಲ್‌ನಿಂದ ಒಂದು. ಟೀ ಶರ್ಟ್ ತುಂಡುಗಳ ಒಳ್ಳೆಯ ಮೈ ಸೇರಿಸಿ, ಮೇಲೆ ಟವೆಲ್ ಇಟ್ಟು, ಒಂದು ಕಡೆ ನಾಲ್ಕು ಬೆರಳಗಲ ಬಿಟ್ಟು ಸುತ್ತ ಹೊಲಿಯಿರಿ. ಆ ಬಾಯಿಯಿಂದ ತಿರುಗಿಸಿ, ಬಾಯಿ ಮುಚ್ಚಿ ಹೊಲಿಯಿರಿ. ಗುಂಡಿ, ಮಣಿ, ನೇತಾಡುವ ದಾರ ಯಾವುದೂ ಬೇಡ. ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿದ ಮೇಲೆ ಕೊಡಿ.

ಕಟ್ಟಿ ಕೊಡುವುದು

ಬಣ್ಣದ ಕಾಗದ ಕೊಳ್ಳಬೇಡಿ. ಇನ್ನೊಂದು ಟೀ ಶರ್ಟಿನ ಬೆನ್ನಿನ ಭಾಗದಿಂದ 45 ಸೆಂ.ಮೀ. ಚೌಕ ಕತ್ತರಿಸಿ, ವಸ್ತುವನ್ನು ನಡುವೆ ಇಟ್ಟು ಬುತ್ತಿಗಂಟಿನ ಹಾಗೆ ಎದುರು ಬದುರು ಮೂಲೆ ಕಟ್ಟಿ. ಜಪಾನಿನಲ್ಲಿ ಹೀಗೆ ಬಟ್ಟೆಯಲ್ಲಿ ಸುತ್ತಿ ಕೊಡುವುದಕ್ಕೆ ಫುರೋಶಿಕಿ ಎಂಬ ಹೆಸರೇ ಇದೆ. ಒಳಗೆ ಒಂದು ಚೀಟಿ ಇಡಿ. ತಣ್ಣೀರಲ್ಲಿ ಉಲ್ಟಾ ಮಾಡಿ ಒಗೆಯಬೇಕು, ಪ್ರಿಂಟ್ ಮೇಲೆ ಇಸ್ತ್ರಿ ಬೇಡ ಎಂದು ಬರೆಯಿರಿ. ನೆನಪಿನ ದಿಂಬು ಅಥವಾ ಕೌದಿ ಆಗಿದ್ದರೆ ಯಾವ ತುಂಡು ಯಾವ ವರ್ಷದ ಟೀ ಶರ್ಟಿನದು ಎಂಬುದನ್ನೂ ಬರೆಯಿರಿ.