ಒಂದೇ ಕನಸನ್ನು ಐದು ಸಲ ಓದಿದ ಬಗೆ

ಪದವಿ ತರಗತಿಗೆ ಇಂಗ್ಲಿಷ್ ಸಾಹಿತ್ಯ ಕಲಿಸುವ ನಾನು ಜಾನ್ ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಅಂಡ್ ಮೆನ್’ ಕಾದಂಬರಿಯನ್ನು ಮೊದಲ ಸಲ ಪಾಠ ಮಾಡಿದಾಗ, ಕಪ್ಪುಹಲಗೆಯ ಮೇಲೆ ಒಂಟಿತನ, ಗೆಳೆತನ, ಕನಸು ಎಂದು ಮೂರು ತಲೆಬರಹ ಬರೆದು ಒಂದೊಂದರ ಕೆಳಗೂ ಪಾತ್ರಗಳ ಹೆಸರು ಸೇರಿಸಿದ್ದೆ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಅದನ್ನೇ ಬರೆದರು. ಉತ್ತರಗಳು ತಪ್ಪಾಗಿರಲಿಲ್ಲವಾದರೂ ಕಾದಂಬರಿಯನ್ನು ಓದದೆಯೇ ಬರೆಯಬಹುದಾದಂಥವು. ಒಂದರೊಳಗೊಂದು ಹೆಣೆದುಕೊಂಡಿರುವ ಮೂರು ಸಂಗತಿಗಳನ್ನು ನಾನೇ ಬಿಡಿಸಿ ಮೂರು ಕಡೆ ಇಟ್ಟಿದ್ದೆ.

ಮರುವರ್ಷ ತಲೆಬರಹಗಳನ್ನು ಕೈಬಿಟ್ಟು ಒಂದೇ ಕೆಲಸ ಕೊಟ್ಟೆ. ಸ್ವಂತದ ತುಂಡು ಜಮೀನು, ಪುಟ್ಟ ಮನೆ, ಮೊಲಗಳು ಎಂಬ ಕನಸಿನ ಮಾತು ಕಾದಂಬರಿಯಲ್ಲಿ ಮುಖ್ಯವಾಗಿ ಐದು ಸಂದರ್ಭಗಳಲ್ಲಿ ಬರುತ್ತದೆ. ಪ್ರತಿ ಸಲವೂ ಯಾರು ಹೇಳುತ್ತಾರೆ, ಯಾರು ಕೇಳಿಸಿಕೊಳ್ಳುತ್ತಾರೆ, ಕೇಳಿದವರಿಗೆ ಏನಾಗುತ್ತದೆ ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಬೇಕು.

1937ರಲ್ಲಿ ಪ್ರಕಟವಾದ ಈ ಕಥೆ ನಡೆಯುವುದು ಕ್ಯಾಲಿಫೋರ್ನಿಯಾದ ಸೊಲೆಡಾಡ್ ಬಳಿ, ಲೇಖಕ ಹುಟ್ಟಿದ ಸಲೀನಾಸ್‌ನ ಸೀಮೆಯಲ್ಲಿ. ಸೊಲೆಡಾಡ್ ಎಂದರೆ ಸ್ಪ್ಯಾನಿಷ್‌ನಲ್ಲಿ ಏಕಾಂತ, ಒಂಟಿತನ. ಆಳುಗಳು ಮಲಗುವ ಮನೆಯಲ್ಲಿ, ಊರೂರು ಅಲೆದು ಕೂಲಿ ಮಾಡುವ ಜಾರ್ಜ್ ಮತ್ತೆ ಮತ್ತೆ ಎಲೆಗಳನ್ನು ಹರಡಿಕೊಂಡು ಆಡುವುದೂ ಸಾಲಿಟೇರ್, ಒಬ್ಬನೇ ಆಡುವ ಇಸ್ಪೀಟು. ಇದನ್ನು ತೋರಿಸಿ ಮುಂದಕ್ಕೆ ಹೋದೆ, ಏಕೆಂದರೆ ಸಂಕೇತಗಳ ಪಟ್ಟಿ ಮಾಡತೊಡಗಿದರೆ ಮನುಷ್ಯರು ಮರೆತುಹೋಗುತ್ತಾರೆ.

ಮೊದಲ ಸಲ ಹೊಳೆಯ ದಂಡೆಯಲ್ಲಿ, ದಣಿದ ಜಾರ್ಜ್ ಗೆಳೆಯ ಲೆನ್ನಿಯ ಒತ್ತಾಯಕ್ಕೆ ಕನಸನ್ನು ಹೇಳುತ್ತಾನೆ. ಲೆನ್ನಿಗೆ ಅದು ಬಾಯಿಪಾಠವಾಗಿದ್ದರೂ ಜಾರ್ಜ್‌ನ ಬಾಯಿಂದಲೇ ಬರಬೇಕು. ಎರಡನೆಯ ಸಲ, ಮೂರನೆಯ ಅಧ್ಯಾಯದಲ್ಲಿ, ಒಂದು ಕೈ ಕಳೆದುಕೊಂಡ ಮುದುಕ ಕ್ಯಾಂಡಿ ಅದನ್ನು ಕೇಳಿಸಿಕೊಳ್ಳುತ್ತಾನೆ. ಅವನ ಮುದಿ ನಾಯಿಯನ್ನು ಜೊತೆಯ ಆಳು ಕಾರ್ಲ್‌ಸನ್ ಹೊರಗೆ ಒಯ್ದು ಗುಂಡಿಟ್ಟು ಕೊಂದದ್ದು ಅದೇ ರಾತ್ರಿ. ಜಮೀನಿನ ಬೆಲೆ 600 ಡಾಲರ್. ಕೈ ಹೋದದ್ದಕ್ಕೆ ಸಿಕ್ಕ 250, ಉಳಿತಾಯದ 50, ತಿಂಗಳ ಕೊನೆಗೆ ಬರುವ 50, ಎಲ್ಲವನ್ನೂ ಕೊಡುತ್ತೇನೆ, ನನ್ನನ್ನೂ ಸೇರಿಸಿಕೊಳ್ಳಿ ಎನ್ನುತ್ತಾನೆ. ಇಲ್ಲಿ ತರಗತಿಯಲ್ಲಿ ಲೆಕ್ಕ ಹಾಕಿಸಿದೆ. ತಿಂಗಳು ಕಳೆಯುವಷ್ಟರಲ್ಲಿ ಮೂವರಲ್ಲೂ ಸೇರಿ 450 ಡಾಲರ್ ಆಗುತ್ತದೆ ಎಂದು ಗೊತ್ತಾದಾಗ, ಅಲ್ಲಿಯವರೆಗೆ ಜೋಗುಳದಂತಿದ್ದ ಮಾತು ಹುಡುಗರಿಗೂ ನಿಜವಾಗುವಂಥದ್ದಾಗಿ ಕಂಡಿತು.

ಮೂರನೆಯ ಸಲ ಕೇಳುವವನು ಕ್ರೂಕ್ಸ್, ಕಪ್ಪು ಜನಾಂಗದವನೆಂಬ ಕಾರಣಕ್ಕೆ ಲಾಯದ ಪಕ್ಕದ ಕೋಣೆಯಲ್ಲಿ ಬೇರೆಯಾಗಿ ಇರಬೇಕಾದವನು. ಇಂಥ ಕನಸು ಹೊತ್ತು ಬಂದ ನೂರಾರು ಜನರನ್ನು ನೋಡಿದ್ದೇನೆ, ಒಬ್ಬನಿಗೂ ಅದು ದಕ್ಕಲಿಲ್ಲ ಎಂದು ಅಣಕಿಸಿದವನೇ, ಕೊನೆಗೆ ಸಂಬಳವಿಲ್ಲದೆ ದುಡಿಯಲು ತಾನೂ ಬರುತ್ತೇನೆ ಎನ್ನುತ್ತಾನೆ. ಯಜಮಾನನ ಮಗ ಕರ್ಲಿಯ ಹೆಂಡತಿ ಬಂದು, ಮರಕ್ಕೆ ನೇತುಹಾಕಿಸಿಬಿಡಬಲ್ಲೆ ಎಂದು ಬೆದರಿಸಿ ಹೋದ ಮೇಲೆ ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತಾನೆ. ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ನೋವು ಕೊಡುವ ಭಾಗ ಇದೇ.

ನಾಲ್ಕನೆಯದನ್ನು ವಿದ್ಯಾರ್ಥಿನಿಯೊಬ್ಬಳು ನನಗಿಂತ ಚೆನ್ನಾಗಿ ಓದಿದಳು. ಹುಲ್ಲಿನ ಕೊಟ್ಟಿಗೆಯಲ್ಲಿ, ಲೇಖಕ ಹೆಸರನ್ನೇ ಕೊಡದ ಆ ಹೆಂಡತಿ ಸಿನಿಮಾ ಸೇರಬೇಕೆಂದಿದ್ದ ತನ್ನ ಆಸೆಯನ್ನು ಹೇಳುತ್ತಾಳೆ, ಲೆನ್ನಿ ಮೊಲಗಳ ಮಾತಾಡುತ್ತಾನೆ. “ಮೇಡಂ, ಇಬ್ಬರೂ ಹೇಳ್ತಾನೇ ಇದಾರೆ, ಒಬ್ಬರದು ಒಬ್ಬರು ಕೇಳಿಸ್ಕೊಳ್ತಾನೇ ಇಲ್ಲ” ಎಂದಳು. ಆ ಮಾತುಕತೆ ಮುಗಿಯುವುದು ಲೆನ್ನಿಯ ಕೈಯಲ್ಲಿ ಆಕಸ್ಮಿಕವಾಗಿ ಆದ ಅವಳ ಸಾವಿನಲ್ಲಿ. ಹೆಣದ ಮುಂದೆ ನಿಂತು ಕ್ಯಾಂಡಿ, ನಾವಿಬ್ಬರಾದರೂ ಆ ಜಾಗ ಕೊಳ್ಳಬಹುದಲ್ಲವೇ ಎಂದು ಕೇಳುತ್ತಾನೆ. ಜಾರ್ಜ್‌ಗೆ ಆಗುವುದಿಲ್ಲ. ಕೇಳುವುದೆಂದರೆ ಲೆನ್ನಿಗೆ ಎಷ್ಟು ಇಷ್ಟವಿತ್ತೆಂದರೆ, ಹೇಳುತ್ತ ಹೇಳುತ್ತ ತಾನೂ ನಂಬಿಬಿಟ್ಟಿದ್ದೆ ಎನ್ನುತ್ತಾನೆ. ಹಣ ಹೆಚ್ಚುಕಡಿಮೆ ಇದ್ದೇ ಇತ್ತು, ಕೇಳುವವನು ಇಲ್ಲವಾಗಲಿದ್ದ. ನಾನು ಮೊದಲ ವರ್ಷ ಬೇರೆ ಮಾಡಿದ್ದ ಮೂರೂ ಮಾತುಗಳು ಈ ಒಂದೇ ಉತ್ತರದಲ್ಲಿವೆ.

ಐದನೆಯ ಸಲ ಮತ್ತದೇ ಹೊಳೆಯ ದಂಡೆ. ಮೊದಲ ಮತ್ತು ಕೊನೆಯ ಅಧ್ಯಾಯಗಳ ಆ ಎರಡು ಭಾಗಗಳನ್ನು ಇಬ್ಬರಿಂದ ಒಂದಾದ ಮೇಲೊಂದರಂತೆ ಗಟ್ಟಿಯಾಗಿ ಓದಿಸಿದೆ. ಲೆನ್ನಿಯ ಆತುರ, ನಡುವೆ ಬಾಯಿ ಹಾಕುವುದು, ಎಲ್ಲ ಹಾಗೆಯೇ ಇವೆ. ಈ ಸಲ ಅವನು ಹೊಳೆಯಾಚೆ ನೋಡುತ್ತಿದ್ದಾನೆ, ಹಿಂದೆ ಕೂತ ಜಾರ್ಜ್‌ನ ಕೈಯಲ್ಲಿ ಕಾರ್ಲ್‌ಸನ್‌ನ ಅದೇ ಪಿಸ್ತೂಲು ಇದೆ. ಓದುತ್ತಿದ್ದ ಹುಡುಗ ಅರ್ಧಕ್ಕೆ ನಿಲ್ಲಿಸಿದ, ಉಳಿದದ್ದನ್ನು ನಾನು ಓದಿದೆ.

ಆಳುಗಳಲ್ಲೊಬ್ಬನಾದ ಸ್ಲಿಮ್ ಜಾರ್ಜ್‌ನನ್ನು ಕರೆದುಕೊಂಡು ಹೊರಟಾಗ, ಇವರಿಬ್ಬರಿಗೆ ಏನಾಗಿದೆ ಎಂದು ಕಾರ್ಲ್‌ಸನ್ ಕೇಳುವ ಪ್ರಶ್ನೆಯೊಂದಿಗೆ ಕಾದಂಬರಿ ನಿಲ್ಲುತ್ತದೆ. ಅವನಿಗೆ ಉತ್ತರ ಬರೆದು ತನ್ನಿ ಎಂದೆ. ಕೆಲವರು ಮೂರು ನಾಲ್ಕು ಪುಟ ಬರೆದು ತಂದರು. ಒಬ್ಬನ ಹಾಳೆಯಲ್ಲಿ ಮಾತ್ರ ಒಂದೇ ಸಾಲು ಇತ್ತು: ನಾಯಿಯನ್ನು ಕೊಂದ ರಾತ್ರಿ ಕ್ಯಾಂಡಿ ಯಾಕೆ ಗೋಡೆಯ ಕಡೆ ತಿರುಗಿ ಮಲಗಿದ ಎಂದು ನೀನು ಕೇಳಲಿಲ್ಲ.